ಸಿಡಿ ಓದುತ್ತಿಲ್ಲವಾ? ಉಜ್ಜುವ ಮೊದಲು ಇಷ್ಟು ನೋಡಿ

ಜುಲೈ ತಿಂಗಳ ಒಂದು ಮಧ್ಯಾಹ್ನ ಶಿರಸಿ ಕಡೆಯ ಹಳ್ಳಿಯಿಂದ ನಮ್ಮ ಸೋದರತ್ತೆಯ ಫೋನು. ಅಜ್ಜ ತೀರಿಕೊಳ್ಳುವ ಎರಡು ವರ್ಷ ಮೊದಲು ಮನೆಯ ಜಗಲಿಯಲ್ಲೇ ಒಂದು ತಾಳಮದ್ದಳೆ ಆಗಿತ್ತು. ಅಜ್ಜನದ್ದು ಕರ್ಣನ ಅರ್ಥ, ಅಂದರೆ ಕರ್ಣನ ಪಾತ್ರದ ಮಾತುಗಾರಿಕೆ. ಯಾರೋ ಪುಣ್ಯಾತ್ಮರು ಅದನ್ನು ರೆಕಾರ್ಡ್ ಮಾಡಿ, ಸಿಡಿಗೆ ಹಾಕಿಸಿ ಕೊಟ್ಟಿದ್ದರು. ನಮ್ಮ ಕುಟುಂಬದಲ್ಲಿ ಅಜ್ಜನ ಧ್ವನಿ ಉಳಿದಿರುವುದು ಅದೊಂದರಲ್ಲೇ. ಈಗ ಅದನ್ನು ಪ್ಲೇಯರಿಗೆ ಹಾಕಿದರೆ ‘ನೋ ಡಿಸ್ಕ್’ ಅಂತ ಬರುತ್ತಿದೆ.

“ಎಂತ ಆಜು ನೋಡಾ ತಮ್ಮಾ, ಪೇಸ್ಟ್ ಹಾಕಿ ತಿಕ್ಕಿದ್ರೂ ಹಾಡ್ತಿಲ್ಲೆ.”

ಪೇಸ್ಟ್ ಅಂದ ಕೂಡಲೇ ನನ್ನ ಎದೆ ಧಸಕ್ ಅಂತು. ಅತ್ತೆಯ ಮೊಮ್ಮಗ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಹಲ್ಲುಜ್ಜುವ ಪೇಸ್ಟ್ ಹಚ್ಚಿ, ಪಾತ್ರೆ ತಿಕ್ಕಿದ ಹಾಗೆ ಗುಂಡಗೆ ತಿಕ್ಕಿಬಿಟ್ಟಿದ್ದ. ಬೇರೆ ಯಾವುದಾದರೂ ಸಿಡಿ ಹಾಕಿ ನೋಡಿದ್ದೀರಾ ಅಂತ ಕೇಳಿದೆ. “ಬೇರೆದು ಎಂತಕ್ಕೆ ಹಾಕವು? ಹಾಳಾಗಿದ್ದು ಇದೇ ಅಲ್ದಾ?” ಅಂದರು. ಫೋನ್ ಹಿಡಿದುಕೊಂಡೇ ಹಾಕಿಸಿದೆ. ಮೊಮ್ಮಗನ ಉಪನಯನದ ಡಿವಿಡಿ: ನೋ ಡಿಸ್ಕ್. ಮಕ್ಕಳ ಹಾಡಿನ ಸಿಡಿ: ನೋ ಡಿಸ್ಕ್. ಕೆಟ್ಟಿದ್ದು ಪ್ಲೇಯರು. ಅಜ್ಜನ ಸಿಡಿ ಚೆನ್ನಾಗಿಯೇ ಇತ್ತು, ಪೇಸ್ಟ್ ಬೀಳುವವರೆಗೆ.

ನಾನು ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು. ಸಿಡಿಯ ಕಾಲ ಮುಗಿದು ಎಷ್ಟೋ ವರ್ಷ ಆಯಿತು. ಆದರೂ ಮಳೆಗಾಲ ಕಳೆದು ಮನೆ ಗುಡಿಸಿ ಸಾರಿಸುವ ಹೊತ್ತಿಗೆ ಯಾರಾದರೊಬ್ಬರು ಒಂದು ಕಟ್ಟು ಹಿಡಿದು ಬಂದೇ ಬರುತ್ತಾರೆ. ಮದುವೆಯದ್ದು, ಯಕ್ಷಗಾನದ್ದು, ತೀರಿಹೋದವರ ಫೋಟೊಗಳದ್ದು. ಎಲ್ಲರ ಬಾಯಲ್ಲೂ ಒಂದೇ ಮಾತು: “ಸ್ಕ್ರ್ಯಾಚ್ ಆಗಿದೆ, ಪಾಲಿಶ್ ಮಾಡಿ ಕೊಡಿ.” ಬಿಡಿಸಿ ನೋಡಿದರೆ ಗೀರಿನಿಂದಲೇ ಕೆಟ್ಟವು ಕಡಿಮೆ. ಕೊಳೆ, ಬೂಷ್ಟು, ಇಲ್ಲವೇ ಪ್ಲೇಯರಿನದೇ ತೊಂದರೆ ಜಾಸ್ತಿ. ಅದಕ್ಕೇ ಪಾಲಿಶ್ ವಿಷಯವನ್ನು ನಾನಿಲ್ಲಿ ಕೊನೆಗೆ ಇಟ್ಟಿದ್ದೇನೆ. ನೀವೂ ಅದಕ್ಕೆ ಕೊನೆಗೇ ಕೈಹಾಕಿ.

ಮೊದಲು: ಕೆಟ್ಟಿದ್ದು ಡಿಸ್ಕೋ, ಪ್ಲೇಯರೋ?

ಕೈಗೆ ಸಿಕ್ಕ ಮೂರು ನಾಲ್ಕು ಡಿಸ್ಕ್ ತೆಗೆದುಕೊಳ್ಳಿ. ಅಂಗಡಿಯಿಂದ ತಂದ ಕಂಪನಿ ಸಿಡಿ ಒಂದು, ಮನೆಯಲ್ಲೋ ಸ್ಟುಡಿಯೊದಲ್ಲೋ ಬರ್ನ್ ಮಾಡಿದ್ದು ಒಂದು, ಡಿವಿಡಿ ಒಂದು ಇದ್ದರೆ ಸಾಕು. ಒಂದೊಂದಾಗಿ ಹಾಕಿ ನೋಡಿ.

ಯಾವುದೂ ಓದದಿದ್ದರೆ ಡಿಸ್ಕ್ ಮುಟ್ಟಲೇಬೇಡಿ. ಪ್ಲೇಯರಿನ ಲೆನ್ಸ್ ಕೊಳೆಯಾಗಿದೆ, ಅಥವಾ ಮೋಟರ್ ತಿರುಗುತ್ತಿಲ್ಲ. ಕಿವಿ ಇಟ್ಟು ಕೇಳಿ. ಡಿಸ್ಕ್ ಒಳಗೆ ಹೋದ ಮೇಲೆ ಸರ್ರನೆ ತಿರುಗುವ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅದು ಮೆಕ್ಯಾನಿಕ್ ನೋಡುವ ಕೆಲಸ.

ಡಿವಿಡಿ ಎಲ್ಲಾ ಓದುತ್ತದೆ, ಸಿಡಿ ಒಂದೂ ಓದುವುದಿಲ್ಲ ಅನ್ನುವುದು ಇನ್ನೊಂದು ಬಗೆ. ಇದು ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಡಿವಿಡಿ ಪ್ಲೇಯರಿನೊಳಗೆ ಎರಡು ಲೇಸರ್ ಇರುತ್ತವೆ. ಸಿಡಿಗೆ 780 ನ್ಯಾನೊಮೀಟರ್ ತರಂಗಾಂತರದ್ದು, ಡಿವಿಡಿಗೆ 650 ನ್ಯಾನೊಮೀಟರಿನದ್ದು. ಒಂದು ಸೋತು ಇನ್ನೊಂದು ಗಟ್ಟಿಯಾಗಿ ಇರಬಹುದು. ಆಗ ಸಿಡಿಯನ್ನು ಎಷ್ಟು ತೊಳೆದರೂ ಅಷ್ಟೇ. ಇನ್ನು ಕಂಪನಿ ಸಿಡಿ ಓದುತ್ತದೆ, ಬರ್ನ್ ಮಾಡಿದ್ದು ಮಾತ್ರ ತಡವರಿಸುತ್ತದೆ ಅಂದರೆ ಲೇಸರ್ ಮುದಿಯಾಗುತ್ತಿದೆ ಅಂತ ಮೊದಲ ಅನುಮಾನ ಪಡಿ. ಮತ್ತೆ ಮತ್ತೆ ಬರೆಯಬಹುದಾದ ರೀರೈಟೆಬಲ್ ಸಿಡಿ ಇದೆಯಲ್ಲ, ಅದು ವಾಪಸು ಕೊಡುವ ಬೆಳಕು ಕಂಪನಿ ಸಿಡಿಯ ಕಾಲುಭಾಗ ಅಷ್ಟೇ. ಸೋತ ಲೇಸರ್ ಮೊದಲು ಎಡವುವುದು ಅಲ್ಲೇ.

ಒಂದೇ ಒಂದು ಡಿಸ್ಕ್ ಮಾತ್ರ ಓದುತ್ತಿಲ್ಲ, ಬೇರೆ ಪ್ಲೇಯರಿನಲ್ಲೂ ಅದೇ ಕಥೆ ಅಂದರೆ ಈಗ ಡಿಸ್ಕ್ ಕಡೆ ತಿರುಗಬಹುದು.

ಲೆನ್ಸ್ ಒರೆಸುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ, ಡಿಸ್ಕ್ ಕೂರುವ ಜಾಗದ ಪಕ್ಕ ಉದ್ದಿನ ಕಾಳಿನಷ್ಟು ದೊಡ್ಡ ಗಾಜಿನ ಗುಂಡು ಕಾಣುತ್ತದೆ. ಅದು ತೆಳ್ಳಗಿನ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಹೋಯಿತು. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಹಗುರವಾಗಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿರುವ ಅಂಟು ಪದಾರ್ಥ ಅಲ್ಲೇ ಕೂರುತ್ತದೆ. ಮುಚ್ಚಳ ತೆಗೆದಿಟ್ಟು ಪ್ಲೇಯರ್ ಚಾಲೂ ಮಾಡಿ ಲೆನ್ಸನ್ನು ಬಗ್ಗಿ ನೋಡುವ ಕೆಲಸವಂತೂ ಬೇಡವೇ ಬೇಡ. ಸಿಡಿ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಸುಡಬಲ್ಲದು.

ಅತ್ತೆಯ ಪ್ಲೇಯರನ್ನು ಆಮೇಲೆ ಶಿರಸಿಗೆ ಹೋದಾಗ ಬಿಚ್ಚಿದೆ. ಬಚ್ಚಲ ಒಲೆಯ ಗೋಡೆಗೆ ತಾಗಿಯೇ ಇಟ್ಟಿದ್ದರು. ಅಡಿಕೆ ಬೇಯಿಸುವ ದಿನಗಳಲ್ಲಿ ಆ ಕೋಣೆಯಲ್ಲಿ ಹೊಗೆಯೋ ಹೊಗೆ. ಲೆನ್ಸಿನ ಮೇಲೆ ಚಹಾ ಬಣ್ಣದ ಪೊರೆ. ಹತ್ತಿ ಕಡ್ಡಿ ಎರಡು ಸಲ ಆಡಿಸಿದ್ದಕ್ಕೇ ಕಪ್ಪಾಯಿತು. ಮೂಲೆಯಲ್ಲಿ ಜಿರಲೆ ಸಂಸಾರ ಬೇರೆ.

ಎಲ್ಲಿ ನಿಲ್ಲುತ್ತದೆ ಅನ್ನುವುದೇ ಸುಳಿವು

ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಕ್ಕೆ ಹಾಡುತ್ತಿತ್ತು. ಸಿಡಿ ಉಲ್ಟಾ, ಒಳಗಿನಿಂದ ಹೊರಕ್ಕೆ. ನಡುವಿನ ತೂತಿನ ಹತ್ತಿರ ಒಳಸುತ್ತಿನಲ್ಲಿ ಡಿಸ್ಕಿನಲ್ಲಿ ಏನೇನಿದೆ ಅನ್ನುವ ಪಟ್ಟಿ ಇರುತ್ತದೆ. ಅಲ್ಲಿ ಕೊಳೆ ಇದ್ದರೆ ಡಿಸ್ಕ್ ಇದೆ ಅಂತಲೇ ಪ್ಲೇಯರಿಗೆ ಗೊತ್ತಾಗುವುದಿಲ್ಲ. ಪೂರ್ತಿ ಸತ್ತಂತೆ ಕಾಣುವ ಎಷ್ಟೋ ಸಿಡಿಗಳಲ್ಲಿ ತೊಂದರೆ ಇರುವುದು ಒಳಗಿನ ಬೆರಳಗಲ ಜಾಗದಲ್ಲಿ ಮಾತ್ರ. ಮೊದಲ ಅರ್ಧ ಗಂಟೆ ಚೆನ್ನಾಗಿ ಹಾಡಿ ಕೊನೆಗೆ ತೊದಲಿದರೆ ಹೊರ ಅಂಚು ನೋಡಿ. ನಾವು ಬೆರಳಿಡುವುದು ಅಲ್ಲೇ ಅಲ್ವಾ?

ಒಂದು ಡಿವಿಡಿ ಎಲ್ಲಾ ಕಡೆ ಖಾಲಿ ಅಂತ ತೋರಿಸುತ್ತದೆ, ನೋಡಿದರೆ ಒಂದು ಗೀರೂ ಇಲ್ಲ. ಅಂಥದ್ದು ಬಂದರೆ ಅದನ್ನು ಎಲ್ಲಿ ರೆಕಾರ್ಡ್ ಮಾಡಿದ್ದು ಅಂತ ಕೇಳಿ. ಹ್ಯಾಂಡಿಕ್ಯಾಮಿನಲ್ಲೋ ಡಿವಿಡಿ ರೆಕಾರ್ಡರಿನಲ್ಲೋ ರೆಕಾರ್ಡ್ ಮಾಡಿ ಕೊನೆಗೆ ‘ಫೈನಲೈಸ್’ ಒತ್ತಲು ಮರೆತಿದ್ದರೆ, ಅದು ರೆಕಾರ್ಡ್ ಮಾಡಿದ ಯಂತ್ರದಲ್ಲಿ ಬಿಟ್ಟು ಬೇರೆ ಕಡೆ ಓದದೇ ಇರಬಹುದು. ಡಿಸ್ಕಿಗೆ ರೋಗವೇ ಇಲ್ಲ, ತೊಳೆಯುವುದೂ ಬೇಡ. ಐಸೋಬಸ್ಟರ್ ಥರದ ಸಾಫ್ಟ್‌ವೇರ್ ಹಾಕಿದರೆ ಒಳಗಿರುವುದನ್ನು ಹೊರಗೆ ತೆಗೆಯಬಹುದು.

ಬೆಳಕಿಗೆ ಹಿಡಿದು ನೋಡುವ ಕ್ರಮ

ಅತ್ತೆಯ ಸಿಡಿ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬಸ್ಸಿನಲ್ಲಿ ನನ್ನ ಹತ್ತಿರ ಬಂತು. ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯ ಜೊತೆಗೇ ಒಂದೇ ಚೀಲದಲ್ಲಿ ಹಾಕಿದ್ದರು. ಮುಚ್ಚಳ ಸಡಿಲವಾಗಿ, ಸಿಡಿಯ ಅಂಚಿಗೆ ಕೆಂಪು ಎಣ್ಣೆ. ಸರಿ, ಅದೂ ಒಂದು ಆಗಿಹೋಗಲಿ ಅಂದುಕೊಂಡೆ.

ಮಳೆಗಾಲದ ಮಧ್ಯಾಹ್ನದ ಬೆಳಕು ಸಾಲುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಹೊಳೆಯುವ ಮುಖವನ್ನು ಓರೆಯಾಗಿ ಹಿಡಿದೆ. ಸಣ್ಣ ಸಣ್ಣ ಉಂಗುರಗಳು, ನೂರಾರು. ಹೊಸ ಸ್ಟೀಲ್ ತಟ್ಟೆಯನ್ನು ಬೂದಿ ಹಾಕಿ ಬೆಳಗಿದರೆ ಹೇಗೆ ಕಾಣುತ್ತದೋ ಹಾಗೆ. ಅದು ಪೇಸ್ಟಿನ ಗುರುತು. ಅವುಗಳ ನಡುವೆ ಒಂದು ಹಳೆಯ ಗೀರು, ಕೇಂದ್ರದಿಂದ ಅಂಚಿನ ಕಡೆಗೆ ನೇರವಾಗಿ ಹೋದದ್ದು. ಆಮೇಲೆ ಸಿಡಿಯನ್ನು ಬಲ್ಬಿಗೆ ಅಡ್ಡ ಹಿಡಿದು ಇನ್ನೊಂದು ಬದಿಯಿಂದ ನೋಡಿದೆ. ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕಿ ಒಂದೂ ಇಲ್ಲ. ಇದೇ ಒಳ್ಳೆಯ ಸುದ್ದಿ. ಯಾಕೆ ಅಂತ ಹೇಳಬೇಕಾದರೆ ಸಿಡಿ ಹೇಗೆ ಕಟ್ಟಿದ್ದು ಅನ್ನುವುದನ್ನು ಸ್ವಲ್ಪ ನೋಡಬೇಕು.

ಸಿಡಿ 1.2 ಮಿ.ಮೀ. ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಬಿಲ್ಲೆ. ಹಾಡು, ಮಾತು ಎಲ್ಲಾ ಇರುವುದು ಆ ಬಿಲ್ಲೆಯ ಮೇಲ್ಮುಖದಲ್ಲಿ, ಅಂದರೆ ಲೇಬಲ್ ಇರುವ ಕಡೆ. ಅದರ ಮೇಲೆ ಲೋಹದ ಪೊರೆ, ಅದರ ಮೇಲೆ ತೆಳ್ಳಗೆ ವಾರ್ನಿಶ್, ಅದರ ಮೇಲೆ ಬಣ್ಣ. ಅಷ್ಟೇ. ನಾವೆಲ್ಲ ಹೊಳೆಯುವ ಮುಖವನ್ನು ಜೀವ ಅಂತ ಕಾಪಾಡಿ, ಲೇಬಲ್ ಕೆಳಗೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದೆವು. ಮಾಡಿದ್ದು ಪೂರಾ ಉಲ್ಟಾ. ಕೆಳಗಿನ ಗೀರು ಕಿಟಕಿ ಗಾಜಿನ ಗೀರು. ಲೇಬಲ್ ಕಡೆಯ ಗೀರು ಒಳಗಿನ ಚಿತ್ರವನ್ನೇ ಹರಿದ ಹಾಗೆ. ಅಲ್ಲಿ ಲೋಹ ಎದ್ದು ಹೋದರೆ ಬೆಳಕಿಗೆ ಹಿಡಿದಾಗ ತೂತು ಕಾಣುತ್ತದೆ. ಅಷ್ಟು ಜಾಗದ ಮಾಹಿತಿ ಹೋಯಿತು, ಅದಕ್ಕೆ ಔಷಧಿ ಇಲ್ಲ.

ಡಿವಿಡಿ ಹಾಗಲ್ಲ. ಅದು 0.6 ಮಿ.ಮೀ.ನ ಎರಡು ಬಿಲ್ಲೆಗಳನ್ನು ಅಂಟಿಸಿದ್ದು, ಮಾಹಿತಿ ನಡುವೆ ಇರುತ್ತದೆ. ಲೇಬಲ್ ಕಡೆ ಗೀರಿದರೆ ಅಷ್ಟು ಭಯವಿಲ್ಲ. ಆದರೆ ಬಗ್ಗಿಸಿದರೆ ಅಂಟು ಬಿಡುತ್ತದೆ. ಡಬ್ಬಿಯಿಂದ ತೆಗೆಯುವಾಗ ನಡುವಿನ ಗುಬ್ಬಿ ಒತ್ತದೆ ಅಂಚು ಹಿಡಿದು ಎಳೆಯುತ್ತಾರಲ್ಲ, ಅದರಿಂದ ಸತ್ತ ಡಿವಿಡಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ನಡುವಿನ ತೂತಿನ ಸುತ್ತ ಸೀಳು ಇದೆಯಾ ಅಂತಲೂ ನೋಡಿ. ಇದ್ದರೆ ಕಂಪ್ಯೂಟರ್ ಡ್ರೈವಿಗೆ ಹಾಕಬೇಡಿ. 52 ಎಕ್ಸ್, ಅಂದರೆ ಮಾಮೂಲಿಗಿಂತ 52 ಪಟ್ಟು ವೇಗದಲ್ಲಿ ಓದುವ ಡ್ರೈವ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಆ ವೇಗಕ್ಕೆ ಸೀಳು ಡಿಸ್ಕ್ ಡ್ರೈವಿನೊಳಗೇ ಚೂರು ಚೂರಾಗುತ್ತದೆ.

ಬರ್ನ್ ಮಾಡಿದ ಸಿಡಿಯಲ್ಲಿ ಒಳಭಾಗ ಒಂದು ಬಣ್ಣ, ಹೊರಭಾಗ ಒಂದು ಬಣ್ಣ ಕಂಡರೆ ಅದನ್ನು ಕಲೆ ಅಂತ ಉಜ್ಜಲು ಹೋಗಬೇಡಿ. ಬರೆದ ಜಾಗಕ್ಕೂ ಖಾಲಿ ಜಾಗಕ್ಕೂ ಇರುವ ವ್ಯತ್ಯಾಸ ಅದು. ಒಬ್ಬರು ಅದನ್ನು ಥಿನ್ನರ್ ಹಾಕಿ ತೆಗೆಯಲು ಹೋಗಿ ಸಿಡಿಯನ್ನೇ ಹಾಲುಬಣ್ಣ ಮಾಡಿಕೊಂಡು ಬಂದಿದ್ದರು.

ನಮ್ಮ ಕರಾವಳಿಯ ದೊಡ್ಡ ಶತ್ರು ಬೂಷ್ಟು

ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಚಪ್ಪಲಿ, ಬೆಲ್ಟು, ದೇವರ ಫೋಟೊ ಯಾವುದನ್ನೂ ಬಿಡದ ಬೂಷ್ಟು ಸಿಡಿಯನ್ನು ಬಿಡುತ್ತದೆಯೇ? ಬೆರಳಿನ ಜಿಡ್ಡು ಎಲ್ಲಿ ತಾಗಿದೆಯೋ ಅಲ್ಲೇ ಮೊದಲು ಹುಟ್ಟುತ್ತದೆ. ಬಿಳಿ ಚುಕ್ಕಿಯಾಗಿ ಶುರುವಾಗಿ, ಜೇಡರ ಬಲೆಯ ಎಳೆಯಂತೆ ಹರಡುತ್ತದೆ. ಮೇಲ್ಮೈಯಲ್ಲೇ ಇದ್ದರೆ ಸೋಪಿನ ನೀರಿಗೆ ಹೋಗುತ್ತದೆ. ಉಗುರಿನಿಂದ ಕೆರೆಯಬೇಡಿ. ಅದು ಕಲ್ಲುಹೂವಿನ ಹಾಗೆ ಗಟ್ಟಿ ಅಲ್ಲ, ನೆನೆದರೆ ತಾನೇ ಬಿಡುತ್ತದೆ.

ಒರೆಸಿದರೂ ಹೋಗದೆ, ಅಂಚಿನಿಂದ ಒಳಕ್ಕೆ ಕವಲೊಡೆದ ಬೇರಿನಂತೆ ಕಾಣುತ್ತಿದ್ದರೆ ಅದು ಪದರದೊಳಗೆ ಹೊಕ್ಕಿದೆ ಅಂತ ಲೆಕ್ಕ. ಇದು ಕಟ್ಟುಕಥೆ ಅಲ್ಲ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿಡಿಯಲ್ಲಿ ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪೊರೆಯನ್ನೂ ತಿಂದಿದ್ದನ್ನು ಸ್ಪೇನಿನ ವಿಜ್ಞಾನಿಗಳು ವಿವರಿಸಿದ್ದರು. ಅದೂ ನಮ್ಮ ಹಾಗೇ ಸೆಖೆ, ತೇವ ಎರಡೂ ಇರುವ ಸಮುದ್ರದ ದಡದ ದೇಶ. ಅಂಥ ಸಿಡಿಯನ್ನು ಉಳಿದವುಗಳಿಂದ ಬೇರೆ ಇಡಿ. ಓದಿದಷ್ಟು ಓದಲಿ ಅಂತ ಕೂಡಲೇ ನಕಲು ಮಾಡಿಕೊಳ್ಳಿ.

ತೊಳೆಯುವುದು

ಬಟ್ಟಲಿಗೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಮೊದಲು ನಲ್ಲಿ ನೀರಿನ ಧಾರೆಗೆ ಹಿಡಿದು ಮರಳು, ದೂಳು ಇಳಿಸಿ. ಕಡಲ ದಂಡೆಯ ಮನೆಗಳಲ್ಲಿ ಈ ಮರಳಿನ ಕಣವೇ ಮಹಾ ಕೇಡಿ. ಅದರ ಮೇಲೆ ಬಟ್ಟೆ ಎಳೆದರೆ ಅದು ಒರೆಸಿದ ಹಾಗಲ್ಲ, ಮರಳು ಕಾಗದ ಹಾಕಿ ತಿಕ್ಕಿದ ಹಾಗೆ. ನಂತರ ಸೋಪಿನ ನೀರು ತಾಗಿಸಿ, ಬೆರಳ ತುದಿಯಿಂದಲೇ ನಡುವಿನಿಂದ ಅಂಚಿಗೆ ಸವರಿ. ಚೆನ್ನಾಗಿ ತೊಳೆದು, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೋಟ ಸುರಿದರೆ ಬಾವಿ ನೀರಿನ ಬಿಳಿ ಚುಕ್ಕಿ ಉಳಿಯುವುದಿಲ್ಲ. ಒರೆಸಲು ಕನ್ನಡಕದ ಬಟ್ಟೆ, ಇಲ್ಲವೇ ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ. ಟಿಶ್ಯೂ ಪೇಪರ್, ಅಂಗಿಯ ಚುಂಗು ಎರಡೂ ಬೇಡ.

ಕಾಗದದ ಸ್ಟಿಕರ್ ಅಂಟಿಸಿದ ಸಿಡಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಸ್ಟಿಕರ್ ಕಿತ್ತು ತೆಗೆಯಲೂ ಹೋಗಬೇಡಿ. ಅದರ ಜೊತೆ ಲೋಹದ ಪೊರೆಯೇ ಎದ್ದು ಬಂದರೆ ಕೈಯಲ್ಲಿ ಉಳಿಯುವುದು ಬರೀ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮುಟ್ಟಲೇಬೇಡಿ, ಪಾಲಿಕಾರ್ಬೊನೇಟ್ ಮಂಜಾಗಿಬಿಡುತ್ತದೆ. ಹಟದ ಜಿಡ್ಡಿಗೆ ಐಪಿಎ ಸಾಕು. ಅಂದ ಹಾಗೆ ಉಪ್ಪಿನಕಾಯಿ ಎಣ್ಣೆ ಸೋಪಿನಲ್ಲೇ ಹೋಯಿತು. ಪರಿಮಳ ಮಾತ್ರ ಎರಡು ದಿನ ಇತ್ತು.

ಯಾಕೆ ನೇರವಾಗಿಯೇ ಒರೆಸಬೇಕು?

ಇದನ್ನು ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ಸಿಡಿಯ ಮಾಹಿತಿ ಒಂದೇ ಉದ್ದದ ಸುರುಳಿ. ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್ ಅಂತರ. ಒಂದು ತಲೆಗೂದಲಿನ ಅಡಿಯಲ್ಲಿ ಸುಮಾರು 40 ಸುತ್ತು ಹಿಡಿಸುತ್ತದೆ. ಹೀಗಿದ್ದೂ ಅದು ಗೀರು ತಡೆದುಕೊಳ್ಳುವುದಕ್ಕೆ ಎರಡು ಕಾರಣ. ಒಂದು, ಲೇಸರ್ ಕಿರಣ ಕೆಳಮುಖಕ್ಕೆ ಬೀಳುವಾಗ ಸುಮಾರು 0.8 ಮಿ.ಮೀ. ಅಗಲವಾಗಿದ್ದು, ಮೇಲೆ ಹೋಗಿ ಒಂದು ಚುಕ್ಕಿಗೆ ಸೇರುತ್ತದೆ. ಕೆಳಗಿನ ಸಣ್ಣ ದೂಳು ಅದಕ್ಕೆ ಲೆಕ್ಕಕ್ಕಿಲ್ಲ. ಬಸ್ಸಿನ ಕಿಟಕಿಯ ಮೇಲೆ ನಾಲ್ಕು ಮಳೆ ಹನಿ ಇದ್ದರೂ ದೂರದ ಸದಾಶಿವಗಡ ಕಾಣುತ್ತದಲ್ಲ, ಹಾಗೆ.

ಎರಡನೆಯದು, ಬರೆಯುವಾಗಲೇ ಮಾಹಿತಿಯನ್ನು ಚದುರಿಸಿ, ಜೊತೆಗೆ ತಾಳೆ ನೋಡುವ ಅಂಕಿಗಳನ್ನೂ ಸೇರಿಸಿರುತ್ತಾರೆ. ಹಾಗಾಗಿ ಸುರುಳಿಯ ಹಾದಿಯಲ್ಲಿ ಸುಮಾರು 2.5 ಮಿ.ಮೀ. ಉದ್ದ ಪೂರ್ತಿ ಅಳಿದರೂ ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಈಗ ಯೋಚಿಸಿ. ನಡುವಿನಿಂದ ಅಂಚಿಗೆ ಹೋದ ಗೀರು ಪ್ರತಿ ಸುತ್ತನ್ನೂ ಒಂದು ಕಡೆ ಮಾತ್ರ ಕತ್ತರಿಸುತ್ತದೆ, ಅದೂ ಗೀರಿನ ಅಗಲದಷ್ಟು. ಗುಂಡಗಿನ ಗೀರು ಒಂದೇ ಸುತ್ತಿನ ಉದ್ದಕ್ಕೂ ಹೋಗುತ್ತದೆ. 2.5 ಮಿ.ಮೀ. ಎಲ್ಲಿ, ಆ ಉಂಗುರ ಎಲ್ಲಿ! ಅಜ್ಜನ ಸಿಡಿಯಲ್ಲಿ ನೋಡಲು ಭಯವಾಗುತ್ತಿದ್ದ ಆ ನೇರ ಗೀರು ಏನೂ ಮಾಡಿರಲಿಲ್ಲ. ಕಣ್ಣಿಗೂ ಸರಿಯಾಗಿ ಕಾಣದ ಪೇಸ್ಟಿನ ಉಂಗುರಗಳೇ ಮಾತು ನುಂಗುತ್ತಿದ್ದವು.

ಪಾಲಿಶ್‌ಗಿಂತ ಮೊದಲು ನಕಲು

ತೊಳೆದ ಕೂಡಲೇ ಇದ್ದ ಸ್ಥಿತಿಯಲ್ಲೇ ಕಂಪ್ಯೂಟರಿಗೆ ಹಾಕಿ ಓದಿಸಿ. ಡಿಸ್ಕ್ ಉಳಿಸುವುದು ನಮ್ಮ ಕೆಲಸವಲ್ಲ. ಒಳಗಿರುವುದು ಒಂದು ಸಲ ಹೊರಗೆ ಬಂದರೆ ಆಯಿತು.

ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ. ಇದು ನನಗೆ ಯಾವ ಪಾಲಿಶ್‌ಗಿಂತಲೂ ಜಾಸ್ತಿ ಉಪಯೋಗಕ್ಕೆ ಬಂದ ವಿಷಯ. ಹಳೇ ಡೆಸ್ಕ್‌ಟಾಪಿನ ದಪ್ಪ ಡ್ರೈವ್ ಗುಜರಿಗೆ ಹಾಕಬೇಡಿ. ವೇಗ ಕಡಿಮೆ ಮಾಡಿ ಓದಿಸಿದರೂ ಎಷ್ಟೋ ಸಲ ದಾಟಿಕೊಳ್ಳುತ್ತದೆ.

ಮಾಮೂಲಿ ಫೈಲ್ ಇರುವ ಸಿಡಿ, ಡಿವಿಡಿ ಆದರೆ ಫೈಲ್ ಎಳೆದು ಹಾಕುವುದು ಬಿಟ್ಟು ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಇದೆ. ಅದು ಬುದ್ಧಿವಂತ. ಮೊದಲು ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಆಮೇಲೆ ವಾಪಸು ಹೋಗುತ್ತದೆ. ಎಲ್ಲೆಲ್ಲಿ ಬಾಕಿ ಅಂತ ಒಂದು ನಕ್ಷೆ ಬರೆದಿಡುತ್ತದೆ. ಅದೇ ನಕ್ಷೆ ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ ಬಾಕಿ ಇದ್ದದ್ದನ್ನು ಮಾತ್ರ ಓದುತ್ತದೆ.

ಆದರೆ ಇದು ಆಡಿಯೊ ಸಿಡಿಗೆ ಆಗುವುದಿಲ್ಲ, ವಿಸಿಡಿಗೂ (ವಿಡಿಯೊ ತುಂಬಿದ ಸಿಡಿ) ಆಗುವುದಿಲ್ಲ. ನಮ್ಮ ಕಡೆ ಯಕ್ಷಗಾನ ಮನೆ ಮನೆಗೆ ಬಂದಿದ್ದೇ ವಿಸಿಡಿಯಲ್ಲಿ, ಅದಕ್ಕೇ ಒಂದು ಮಾತು ಜಾಸ್ತಿ ಹೇಳುತ್ತೇನೆ. ವಿಸಿಡಿಯಲ್ಲಿ ಚಿತ್ರದ ಭಾಗಕ್ಕೆ ಮಾಮೂಲಿ ಫೈಲಿಗೆ ಇರುವ ಹೆಚ್ಚುವರಿ ತಪ್ಪು ತಿದ್ದುವ ಕಾವಲು ಇಲ್ಲ. ಜಾಗ ಉಳಿಸಲು ಅದನ್ನು ಬಿಟ್ಟಿದ್ದಾರೆ. ಪ್ಲೇಯರಿನಲ್ಲಾದರೆ ವೇಷದ ಮುಖ ಚೌಕ ಚೌಕವಾಗಿ ಒಡೆದು ಮುಂದೆ ಹೋಗುತ್ತದೆ. ಅದೇ ಫೈಲನ್ನು ವಿಂಡೋಸಿನಲ್ಲಿ ಕಾಪಿ ಮಾಡಲು ಹೋದರೆ ಸಣ್ಣ ದೋಷಕ್ಕೂ ನಿಂತುಬಿಡುತ್ತದೆ. ಜನ ಡಿಸ್ಕ್ ಸತ್ತಿತು ಅಂತ ಎಸೆಯುತ್ತಾರೆ. ಎಸೆಯಬೇಡಿ, ಐಸೋಬಸ್ಟರಿನಲ್ಲಿ ತೆಗೆಯಿರಿ. ಆಡಿಯೊ ಸಿಡಿಗೆ ವಿಂಡೋಸಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಲಿನಕ್ಸಿನಲ್ಲಿ ಸಿಡಿಪ್ಯಾರನಾಯ. ಎರಡೂ ಒಂದೇ ತುಣುಕನ್ನು ಮತ್ತೆ ಮತ್ತೆ ಓದಿ, ತಾಳೆ ನೋಡಿ ಮುಂದೆ ಹೋಗುತ್ತವೆ. ನಿಧಾನ. ರಾತ್ರಿ ಹಚ್ಚಿಟ್ಟು ಮಲಗುವ ಕೆಲಸ.

ಅಜ್ಜನ ಸಿಡಿ ಲ್ಯಾಪ್‌ಟಾಪಿನಲ್ಲಿ ಮೂರು ಕಡೆ ಸಿಕ್ಕಿಕೊಂಡಿತು. ಹಳೇ ಡೆಸ್ಕ್‌ಟಾಪ್ ಅದರಲ್ಲಿ ಒಂದನ್ನು ಬಿಡಿಸಿತು. ಎರಡು ಉಳಿದವು. ಆಗ ಪಾಲಿಶ್ ಡಬ್ಬಿ ಹೊರಗೆ ತೆಗೆದೆ.

ಪಾಲಿಶ್

ಹೊಳೆಯುವ ಮುಖಕ್ಕೆ ಮಾತ್ರ, ಸಿಡಿ ಮತ್ತು ಡಿವಿಡಿಗೆ ಮಾತ್ರ. ಬ್ಲೂ-ರೇ ಆದರೆ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿ.ಮೀ. ಒಳಗಿರುತ್ತದೆ, ಮೇಲೆ ಒಂದು ಗಟ್ಟಿ ಲೇಪ. ಆ ಲೇಪ ಉಜ್ಜಿ ತೆಗೆದರೆ ಮುಗಿಯಿತು. ಅದನ್ನು ಒರೆಸಬಹುದು, ಉಜ್ಜುವಂತಿಲ್ಲ.

ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಚೂಪು ದಂಡೆಗಳನ್ನು ಸವೆಸಿ ಇಳಿಜಾರು ಮಾಡುತ್ತದೆ. ಆಗ ಕಿರಣ ಅಡ್ಡಾದಿಡ್ಡಿ ಚದುರದೆ ಹಾದುಹೋಗುತ್ತದೆ. ಪೇಸ್ಟ್‌ನಿಂದಲೂ ಇದು ಸ್ವಲ್ಪ ಮಟ್ಟಿಗೆ ಆಗುತ್ತದೆ, ಬಿಳಿ ಪೇಸ್ಟ್ ಆಗಿರಬೇಕು, ಜೆಲ್ ಅಲ್ಲ. ಹುಡುಗ ಹಚ್ಚಿದ ವಸ್ತು ತಪ್ಪಲ್ಲ, ಉಜ್ಜಿದ ದಿಕ್ಕು ತಪ್ಪು, ಜೊತೆಗೆ ಪಾತ್ರೆ ತಿಕ್ಕುವ ಸ್ಪಂಜಿನ ಒರಟು ಬದಿ. ಹಿತ್ತಾಳೆ ದೀಪ ಬೆಳಗುವ ಬ್ರಾಸೊ ಹಚ್ಚುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಆದರೆ ಅದರಲ್ಲಿ ಸಾಲ್ವೆಂಟ್ ಇರುವುದರಿಂದ ಲೇಬಲ್ ಕಡೆಗೆ ಹರಿಯದಂತೆ ನೋಡಿಕೊಳ್ಳಬೇಕು. ನನಗೆ ಇಷ್ಟ ಕಾರಿನ ಪೇಂಟಿಗೆ ಹಾಕುವ ನಯವಾದ ರಬ್ಬಿಂಗ್ ಕಾಂಪೌಂಡ್. ಗ್ಯಾರೇಜಿನ ಪೇಂಟರ್ ಹತ್ತಿರ ಒಂದು ಚಮಚ ಕೇಳಿದರೆ ಕೊಡುತ್ತಾನೆ.

ಮೇಜಿನ ಮೇಲೆ ಒಗೆದ ಟವೆಲ್ ಹಾಸಿ. ಟವೆಲ್ಲಿನಲ್ಲಿ ಮರಳಿದ್ದರೆ ಕೆಳಗಡೆ ಲೇಬಲ್ ಹೋಗುತ್ತದೆ, ಆಗಲೇ ಹೇಳಿದೆನಲ್ಲ ಅದೇ ಜೀವ ಅಂತ. ಬಟ್ಟೆಗೆ ಕಡಲೆ ಕಾಳಿನಷ್ಟು ಕಾಂಪೌಂಡ್ ತೆಗೆದುಕೊಂಡು, ಗೀರಿರುವ ಜಾಗದಲ್ಲಿ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ. ಎರಡು ಮೂರು ನಿಮಿಷ. ತೊಳೆಯಿರಿ, ಓದಿಸಿ. ಬಾರದಿದ್ದರೆ ಇನ್ನೊಮ್ಮೆ. ಉಗುರು ಅಡ್ಡ ಎಳೆದಾಗ ಟಕ್ ಅಂತ ಸಿಕ್ಕಿಕೊಳ್ಳುವಷ್ಟು ಆಳದ ಗೀರಾದರೆ ಕೈ ಪಾಲಿಶ್‌ಗೆ ಬಗ್ಗುವುದಿಲ್ಲ.

ಕೊನೆಯ ಅಸ್ತ್ರ ವ್ಯಾಸಲಿನ್. ಬಚ್ಚಲಮನೆಯ ಮಂಜು ಗಾಜಿಗೆ ನೀರು ಎರಚಿದರೆ ಆಚೆ ಬದಿ ಕಾಣಲು ಶುರುವಾಗುತ್ತದೆ ಅಲ್ವಾ? ಉಬ್ಬುತಗ್ಗುಗಳನ್ನು ನೀರು ತುಂಬಿದ್ದರಿಂದ ಬೆಳಕು ಚದುರುವುದು ಕಮ್ಮಿಯಾಯಿತು. ಇಲ್ಲೂ ಅದೇ. ಗೀರಿನ ಮೇಲೆ ಚೂರೇ ಚೂರು ಸವರಿ, ಮೇಲ್ಮೈಯಲ್ಲಿ ಏನೂ ಉಳಿಯದಂತೆ ಒರೆಸಿ, ತಕ್ಷಣ ಓದಿಸಿ. ಆಮೇಲೆ ತೊಳೆದುಬಿಡಿ. ಒರೆಸದೆ ಹಾಕಿದರೆ ಅದು ಹಾರಿ ಲೆನ್ಸಿಗೆ ಕೂರುತ್ತದೆ, ಒಂದರ ಬದಲು ಎರಡು ರಿಪೇರಿ.

ಉಳಿದಂತೆ ಇಡುವ ಜಾಗ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಹೊಗೆ ತುಂಬುವ ಮೆತ್ತು ಬೇಡ, ಅಂಟಿಕೊಳ್ಳುವ ಪ್ಲಾಸ್ಟಿಕ್ ಪೌಚ್ ಬೇಡ. ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ, ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬರ್ನ್ ಮಾಡಿದವಕ್ಕೆ ಬಿಸಿಲು ತಾಗಿಸಬೇಡಿ. ಅವುಗಳಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ, ಅದು ಬಿಸಿಲಿಗೆ ಮಾಸುತ್ತದೆ. ಬೂಷ್ಟು ಹೋಗಲಿ ಅಂತ ಹಪ್ಪಳದ ಹಾಗೆ ಅಂಗಳದಲ್ಲಿ ಒಣಗಿಸಿದವರಿದ್ದಾರೆ.

ಅಜ್ಜನ ಸಿಡಿ ಪಾಲಿಶ್ ಆದ ಮೇಲೆ ಒಂದು ಜಾಗ ಬಿಟ್ಟುಕೊಟ್ಟಿತು. ಇನ್ನೊಂದು ವ್ಯಾಸಲಿನ್ ಹಚ್ಚಿದರೂ ಪೂರ್ತಿ ಬರಲಿಲ್ಲ, ಒಂದೆರಡು ಸೆಕೆಂಡ್ ಕರಕರ ಅಂತ ಉಳಿಯಿತು. ಪೆನ್‌ಡ್ರೈವಿಗೆ ಹಾಕಿ ಶಿರಸಿಗೆ ತೆಗೆದುಕೊಂಡು ಹೋದೆ. ಅತ್ತೆ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಆ ಜಾಗ ಬಂದಾಗ ನಾನು ಇಲ್ಲೊಂದು ಮಾತು ಹೋಗಿದೆ ಅಂತ ಹೇಳಲು ಹೊರಟೆ. ಅತ್ತೆ ಕೈ ಎತ್ತಿ ಸುಮ್ಮನಿರಿಸಿದರು. “ಅಲ್ಲಿ ಅಪ್ಪಯ್ಯ ಕೆಮ್ಮಿದ್ದು. ಮಾತಲ್ಲ ಅದು.” ಸಿಡಿಯನ್ನು ಮಾತ್ರ ವಾಪಸು ಕೇಳಿ ತೆಗೆದುಕೊಂಡರು. ಈ ಸಲ ಉಪ್ಪಿನಕಾಯಿಯಿಂದ ದೂರ, ಬಂಗಾರ ಇಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.